ಅರ್ಜಿಯ ಮೇಲಿನ ಅಪ್ಪ

ಜೂನ್ 5, 2023, ಸೋಮವಾರ

ಮಗಳು ಶಾರಿಯ ಶಾಲೆಗೆ ಈವತ್ತಿನವರೆಗಿನ ಖರ್ಚು. ಅಡ್ಮಿಷನ್ 18,000. ಪುಸ್ತಕ 3,400. ಯೂನಿಫಾರ್ಮ್ ಎರಡು ಜೊತೆ, ಟೈ, ಬೆಲ್ಟು 2,650. ಕರಿ ಬೂಟು, ಬಿಳಿ ಬೂಟು 1,100. ವ್ಯಾನಿನ ಮಾಳಪ್ಪನಿಗೆ ಅಡ್ವಾನ್ಸ್ 1,500. ಜನನ ದಾಖಲೆ ಮಾಡಿಸಿಕೊಟ್ಟ ಏಜೆಂಟನಿಗೆ 4,000. ಒಟ್ಟು 30,650.

ಅಪ್ಪ-ಅವ್ವನನ್ನು ಬದಲಿಸಿದ್ದಕ್ಕೆ ಬೇರೆ ಖರ್ಚಿಲ್ಲ. ಅದು ಏಜೆಂಟನ ನಾಲ್ಕು ಸಾವಿರದಲ್ಲೇ ಬಂತು.

ಬರೆದಿಡುತ್ತೇನೆ, ಯಾರು ಓದುತ್ತಾರೆ... ಸಿಸ್ಟರ್‌ಗಳ ಶಾಲೆಯಲ್ಲಿ ಡಿಗ್ರಿ ಆದವರ ಮಕ್ಕಳಿಗೇ ಸೀಟು ಎಂದು ಮಾಳಪ್ಪ ಹೇಳಿದ. ನಾನು ಏಳನೇತ್ತೆ ಫೇಲು. ಹೆಂಡತಿ ನೀಲಾ ಐದಕ್ಕೆ ಬಿಟ್ಟವಳು. ಕಸುಬು ಹಳೇ ಟ್ರ್ಯಾಕ್ಟರ್ ದಲಾಲಿ. ತುಕ್ಕು ಹಿಡಿದ ಗಾಡಿಯನ್ನು ನಿನ್ನೆ ಶೋರೂಮಿನಿಂದ ಇಳಿದದ್ದು ಎನ್ನುವಂತೆ ಮಾತಿನಲ್ಲೇ ನಿಲ್ಲಿಸಬಲ್ಲೆ. ಸಿಸ್ಟರ್ ಎದುರು ಕೂತು ಇಂಗ್ಲಿಷ್ ಫಾರ್ಮ್ ತುಂಬಲಾರೆ. ಅಣ್ಣ ಸಿದ್ಧಾರೂಢ ಬಿ.ಕಾಂ., ಬ್ಯಾಂಕಿನಲ್ಲಿ ಕ್ಲರ್ಕ್. ಅವನ ಹೆಂಡತಿ, ವೈನಿ ಅನ್ನಪೂರ್ಣಾ, ಬಿ.ಎ. ಶಾರಿ ಹುಟ್ಟಿದ್ದು ಯರಗುಪ್ಪಿಯಲ್ಲಿ, ನೀಲಾಳ ತವರಿನಲ್ಲಿ. ಆರು ವರ್ಷವಾದರೂ ದಾಖಲೆ ಮಾಡಿಸಿರಲಿಲ್ಲ. ಈಗ ಮಾಡಿಸಿದೆ — ಅಣ್ಣ, ವೈನಿಯ ಹೆಸರಿಗೆ.

ಹುಡುಗಿಗೆ ಸುಳ್ಳು ಕಲಿಸುವ ಗೋಜೂ ಇಲ್ಲ. ಕೂಡಿದ ಮನೆ. ಅಣ್ಣನ ಇಬ್ಬರು ಗಂಡುಮಕ್ಕಳು ನನಗೆ ಕಾಕಾ ಎನ್ನುತ್ತಾರೆ. ಅವರದನ್ನು ಕೇಳಿ ಕೇಳಿ ಶಾರಿಯೂ ಮಾತು ಬಂದಾಗಿನಿಂದ ನನಗೆ ಕಾಕಾ, ಅಣ್ಣನಿಗೆ ಅಪ್ಪಾ, ವೈನಿಗೆ ಮಮ್ಮಿ. ನಮ್ಮ ಶಲವಡಿಯಲ್ಲಿ ಎಷ್ಟೋ ಮನೆಗಳಲ್ಲಿ ಹೀಗೇ. ನಾನೂ ಹೆತ್ತ ಅಪ್ಪನಿಗೆ ಸಾಯುವತನಕ ಅಣ್ಣಾ ಎಂದೇ ಕರೆದವನು. ಒಂದೇ ಒಂದು ತಿದ್ದುಪಡಿ — ನೀಲಾಳಿಗೆ ಅವ್ವ ಎನ್ನುತ್ತಾಳೆ. ಶಾಲೆಯಲ್ಲಿ ಮಾತ್ರ ಚಿಗವ್ವ ಅನ್ನು, ಕಾಕಾನ ಹೆಂಡತಿ ಚಿಗವ್ವ ಅಲ್ಲವೇ, ಎಂದು ಹೇಳಿಕೊಟ್ಟೆ.

ನೀಲಾ ಎರಡು ದಿನದಿಂದ ಮಾತಾಡಿಲ್ಲ. ಬೆಳಿಗ್ಗೆ ಡಬ್ಬಿಗೆ ಚಪಾತಿ ಹಾಕುತ್ತ ಇಷ್ಟೇ ಅಂದಳು: "ಆರ್‌ಸಿ ಬುಕ್ಕಿನ್ಯಾಗ ಯಾರ ಹೆಸರೈತಿ ಗಾಡಿ ಅವರದ ಅಂತ ಗಿರಾಕಿಗೆ ನೀವ ಹೇಳ್ತೀರಲ್ರಿ."

ಮುಚ್ಚಳ ಬಿಗಿದು ಡಬ್ಬಿಯನ್ನು ಶಾರಿಯ ಚೀಲದಲ್ಲಿಟ್ಟೆ.

ಜೂನ್ 24, ಸಂಜೆ

ಮೂರು ವಾರದಲ್ಲಿ ಶಾರಿ ಕಲಿತದ್ದು: ನಲ್ಲಿಯ ಮುಂದೆ ಸಾಲು ನಿಲ್ಲುವುದು. ಮೂಗು ಒರೆಸಲು ಕರವಸ್ತ್ರ, ಲಂಗವಲ್ಲ. ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ಕೈ ಜೋಡಿಸುವುದು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು — ಇದು ನನ್ನ ಕಸುಬಿಗೇ ಕುತ್ತು. ಸುಳ್ಳು ಹೇಳಿದರೆ ದೇವರಿಗೆ ಬೇಜಾರಾಗುತ್ತದೆ.

ಅಣ್ಣನ ಹಿರಿಮಗ "ಏನಬೇ, ಸಿಸ್ಟರಮ್ಮಾ" ಎಂದು ಕೆಣಕಿದ. ಅವನು ಸಾರಿ ಕೇಳುವತನಕ ಶಾರಿ ಊಟದ ತಾಟು ಮುಟ್ಟಲಿಲ್ಲ. ಹತ್ತನೇತ್ತೆಯ ಹುಡುಗ, ಮೀಸೆ ಮೂಡಿದೆ. ಕೇಳಿದ. ಎಲ್ಲರೂ ನಕ್ಕೆವು, ನೀಲಾ ಕೂಡ.

ಖರ್ಚು ವಸೂಲು ಅಂದುಕೊಂಡೆ.

ಜುಲೈ 16

ದೀಪ ಹಚ್ಚುವ ಹೊತ್ತಿಗೆ ಈಗ ಪ್ರಾರ್ಥನೆ. ಗಾಡ್ ಬ್ಲೆಸ್ ಪಾಪಾ, ಗಾಡ್ ಬ್ಲೆಸ್ ಮಮ್ಮಿ. ಪಾಪಾ ಎಂದಾಗ ಅಣ್ಣನ ಕಡೆ, ಮಮ್ಮಿ ಎಂದಾಗ ವೈನಿಯ ಕಡೆ ಒಂದು ಕಣ್ಣು ತೆರೆದು ನೋಡುತ್ತಾಳೆ. ಆಮೇಲೆ ಅಣ್ಣಂದಿರು. ಆಮೇಲೆ ನಾನು, ನೀಲಾ, ಎಮ್ಮೆ.

ಎಮ್ಮೆಗಿಂತ ಒಂದು ನಂಬರ್ ಮುಂದಿದ್ದೇವೆ ಎಂದೆ. ನೀಲಾ ನಗಲಿಲ್ಲ.

ಆಗಸ್ಟ್ 26, ಶನಿವಾರ

ವ್ಯಾನು ಕೆಟ್ಟಿತು. ಬೈಕ್ ತೆಗೆದುಕೊಂಡು ನಾನೇ ಕರೆತರಲು ಹೋದೆ. ಗೇಟಿನಲ್ಲಿ ಸಿಸ್ಟರ್ ಫಿಲೊಮಿನಾ. ಮಂಗಳೂರು ಕಡೆಯವರು, ಪುಸ್ತಕದಂಥ ಕನ್ನಡ. ಸ್ಕೂಲ್ ಡೈರಿಯಲ್ಲಿರುವ ಫೋಟೋಕ್ಕೂ ನನ್ನ ಮುಖಕ್ಕೂ ತಾಳೆ ನೋಡಿದರು. ಫೋಟೋ ಅಣ್ಣನದು.

"ಶಾರದಾ, ಇವರು ಯಾರು?"

"ಕಾಕಾ, ಸಿಸ್ಟರ್."

"ನೀವು ಮಗುವಿಗೆ ಏನಾಗಬೇಕು?"

ಇಡೀ ನವಲಗುಂದ ತಾಲೂಕಿಗೆ ಟ್ರ್ಯಾಕ್ಟರ್ ಮಾರಿದ ಬಾಯಿ. ಒಂದೇ ಶಬ್ದ ಹೊರಟಿತು. "ಕಾಕಾರಿ."

ಅಣ್ಣನಿಗೆ ಬ್ಯಾಂಕಿಗೆ ಫೋನ್ ಹಚ್ಚಿ, ಅವನು ಹೂಂ ಎಂದ ಮೇಲೆ ಕೊಟ್ಟರು. ಸಿಸ್ಟರ್ ಮಾಡಿದ್ದು ಸರಿ. ಮಕ್ಕಳನ್ನು ಕಂಡಕಂಡವರ ಕೈಗೆ ಕೊಡಬಾರದು.

ದಾರಿಯಲ್ಲಿ ನನ್ನ ಅಂಗಿ ಹಿಡಿದುಕೊಂಡು ಹಿಂದೆ ಕೂತವಳು ಅಂದಳು: "ಕಾಕಾ, ನೀ ಖರೇ ಹೇಳ್ದಿ. ಖರೇ ಹೇಳಿದವರು ಯಾರಿಗೂ ಅಂಜಬಾರದಂತ, ಸಿಸ್ಟರ್ ಹೇಳ್ಯಾರ."

ಆಗಸ್ಟ್ 27

ಶಾರಿಯನ್ನೂ ನೀಲಾಳನ್ನೂ ಕಟ್ಟೆಯ ಮೇಲೆ ಕೂಡಿಸಿಕೊಂಡು ಹೇಳಿದೆ. ನಾನೇ ನಿನ್ನ ಅಪ್ಪ, ಇವಳೇ ನಿನ್ನ ಅವ್ವ. ಇನ್ನು ಮೇಲೆ ಅಪ್ಪಾ ಅನ್ನು.

ಎದ್ದು ಹೋಗಿ ಡೈರಿ ತಂದಳು. ಫಾದರ್ಸ್ ನೇಮ್ ಎಂಬಲ್ಲಿ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಚೊಲೋ ಓದುತ್ತಾಳೆ. ಕೊನೆಗೆ, "ಇಲ್ಲಿ ನಿನ್ನ ಹೆಸರಿಲ್ಲ, ಕಾಕಾ. ಅಪ್ಪಾ ಅಂದ್ರ ಸುಳ್ಳ ಆಕ್ಕತಿ."

ಅದು ಸುಳ್ಳು ಬರೆದದ್ದು ಎಂದೆ. ಯಾರು ಬರೆದರು ಎಂದಳು. ನಾನು ಡೈರಿ ಮುಚ್ಚಿದೆ. ಅವಳು ಅಳತೊಡಗಿದಳು. ಅತ್ತು ಮುಗಿದ ಮೇಲೆ ನನಗೆ ಸಾರಿ ಅಂದಳು. ಯಾವುದಕ್ಕೆ ಎಂದು ಅವಳಿಗೂ ಗೊತ್ತಿರಲಿಕ್ಕಿಲ್ಲ.

ನವೆಂಬರ್ 14, ಮಂಗಳವಾರ

ಶಾಲೆಯಲ್ಲಿ ಮಕ್ಕಳ ದಿನಾಚರಣೆ. ವೈನಿ ಹೊಸ ಪರ್ಸು ಹಿಡಿದು ಮುಂದಿನ ಸಾಲಿನಲ್ಲಿ, ಅಣ್ಣನ ಬಾಜು. ನಾನು, ನೀಲಾ ಹಿಂದೆ, ನೀರಿನ ಟಾಕಿಯ ಹತ್ತಿರ. ಶಾರಿ ಮೈಕ್ ಮುಂದೆ 'ಮೈ ಫಾದರ್' ಎಂದು ಎಂಟು ಸಾಲು ಹೇಳಿದಳು. ಒಂದೂ ತಪ್ಪಲಿಲ್ಲ. ಅಂಜಿಕೆಯಿಲ್ಲದ ದನಿ. ಆ ಗಂಟಲು ನನ್ನದು. ಎಂಟು ಸಾಲೂ ಅಣ್ಣನವು.

ಮುಗಿದ ಮೇಲೆ ಸಿಸ್ಟರ್ ಫಿಲೊಮಿನಾ ಸಿಕ್ಕರು. ಪರಿಚಯದವರೊಬ್ಬರ ಮಗು ಇದೆ, ತಂದೆ-ತಾಯಿ ಓದಿಲ್ಲ, ಸೀಟು ಸಿಗಬಹುದೇ ಎಂದು ಕೇಳಿದೆ. ಅವರಿಗೆ ಆಶ್ಚರ್ಯ.

"ಯಾಕೆ ಸಿಗುವುದಿಲ್ಲ? ನಮ್ಮಲ್ಲಿ ಅರ್ಧ ಮಕ್ಕಳ ತಂದೆ-ತಾಯಿ ಕೂಲಿಗೆ ಹೋಗುವವರು. ಫಾರ್ಮ್ ತುಂಬಲು ಬಾರದಿದ್ದರೆ ನಾವೇ ತುಂಬುತ್ತೇವೆ. ಕರೆದುಕೊಂಡು ಬರಲಿ."

ನೀಲಾ ಪಕ್ಕದಲ್ಲೇ ಇದ್ದಳು. ಕೇಳಿಸಿಕೊಂಡಳು. ಊರು ಮುಟ್ಟುವತನಕ ಬೈಕಿನ ಮೇಲೆ ಅವಳು ನನ್ನ ಹೆಗಲು ಹಿಡಿಯಲಿಲ್ಲ.

ಮಾಳಪ್ಪನನ್ನು ಹಿಡಿದು ಕೇಳಿದೆ. "ಯಾರೋ ಅಂದಿದ್ರು, ನಾನೂ ಅಂದೆ. ಮಾತ ನಂಬಾಕ ನೀ ಏನ ಹೊಸಾ ಗಿರಾಕಿ ಏನಲೇ, ಸುಭಾಸ?"

ನವೆಂಬರ್ 20

ದಾಖಲೆ ತಿದ್ದಿಸೋಣ ಎಂದು ಅಣ್ಣನಿಗೆ ಹೇಳಿದೆ. ಬಹಳ ಹೊತ್ತು ಕನ್ನಡಕ ಒರೆಸಿದ.

"ಖೊಟ್ಟಿ ಕಾಗದಕ್ಕ ಸಹಿ ಮಾಡಿದಾಂವ ನಾನು. ತಿದ್ದಾಕ ಹ್ವಾದ್ರ ಮೊದಲ ಕೇಸ ನನ್ನ ಮ್ಯಾಲ. ನೌಕರಿ ಹೋಕ್ಕತಿ. ನಿನ್ನ ಮಾತ ಕೇಳಿ ಮಾಡೀನಿ, ತಮ್ಮಾ."

ನಿಜ. ಅವನು ಬೇಡ ಬೇಡ ಎಂದರೂ ಒಪ್ಪಿಸಿದವನು ನಾನು. ಅರ್ಧ ತಾಸು ಹಿಡಿದಿತ್ತು. ಅವತ್ತು ನನ್ನ ಮಾತಿಗೆ ನಾನೇ ಖುಷಿಪಟ್ಟಿದ್ದೆ.

ಫೆಬ್ರವರಿ 18, 2024

ಮೂರು ತಿಂಗಳು ಬರೆದಿಲ್ಲ. ಬರೆಯುವಂಥದು ಇರಲಿಲ್ಲ.

ನೀಲಾಳಿಗೆ ನಾಲ್ಕು ದಿನದಿಂದ ಜ್ವರ. ಕಾಯಿಲೆಯವರಿಗೆ ಸೇವೆ ಮಾಡಬೇಕು ಎಂದು ಶಾಲೆಯಲ್ಲಿ ಪಾಠವಾಗಿದೆಯಂತೆ. ಶಾರಿ ಹಾಸಿಗೆಯ ಬಳಿಯೇ. ಹಣೆಗೆ ಒದ್ದೆ ಬಟ್ಟೆ. ಗಳಿಗೆಗೊಮ್ಮೆ ನೀರು.

"ಚಿಗವ್ವಾ, ನೀರ ಕುಡಿ."

ಮನೆಯಲ್ಲಿ. ಇಲ್ಲಿಯವರೆಗೆ ಮನೆಯಲ್ಲಿ ಅವ್ವ ಇತ್ತು. ಬಾಗಿಲಲ್ಲಿ ನಿಂತಿದ್ದೆ, ಕೇಳಿಸಿತು. ನೀಲಾಳಿಗೂ ಕೇಳಿಸಿತು. ತಿದ್ದುತ್ತಾಳೆ ಎಂದು ಕಾದೆ. ನೀರು ಕುಡಿದಳು. ಲೋಟ ವಾಪಸು ಕೊಟ್ಟಳು. ಗೋಡೆಯ ಕಡೆ ಹೊರಳಿದಳು.

ಏಪ್ರಿಲ್ 11

ಅಣ್ಣನಿಗೆ ಧಾರವಾಡಕ್ಕೆ ವರ್ಗ. ಗಂಡುಹುಡುಗರ ಕಾಲೇಜಿಗೂ ಅನುಕೂಲ. ಅಲ್ಲಿಯೂ ಸಿಸ್ಟರ್‌ಗಳ ಶಾಲೆ ಇದೆ. ಶಾರಿಯನ್ನೂ ಕರೆದೊಯ್ಯುವ ಮಾತು ಬಂತು; ಅವಳ ಟಿಸಿ ತೆಗೆಸಲು ಹೇಗೂ ಅಣ್ಣನ ಸಹಿಯೇ ಬೇಕು.

ನೀಲಾ ಕಳಿಸುವುದಿಲ್ಲ ಎಂದಳು. ಊರಿನ ಸರ್ಕಾರಿ ಶಾಲೆ ಸಾಕು ಎಂದಳು. ಅಣ್ಣನೂ ಹೂಂ ಅಂದ, ನೀವು ಹೇಳಿದ ಕಡೆ ಸಹಿ ಮಾಡುತ್ತೇನೆ ಎಂದ. ವೈನಿ ಸೆರಗಿನ ತುದಿ ತಿರುವುತ್ತಿದ್ದಳು.

ಹುಡುಗಿಯನ್ನೇ ಕೇಳೋಣ ಎಂದವನು ನಾನು. ಮನೆ, ಎಮ್ಮೆ, ಗೆಳತಿಯರು — ಮಾತಿನಲ್ಲಿ ಒಲಿಸಬಲ್ಲೆ ಎಂಬ ಧೈರ್ಯ. ಎಲ್ಲ ಹೇಳಿದೆ. ಕೈ ಕಟ್ಟಿ, ನೆಟ್ಟಗೆ ನಿಂತು, ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದಳು.

"ಮಕ್ಕಳು ಅಪ್ಪ-ಅವ್ವನ ಜೋಡಿ ಇರಬೇಕು, ಕಾಕಾ. ನೀವು ಶಾಲಿ ಸೂಟಿಗೆ ಬರ್ರಿ." ನೀಲಾಳ ಕಡೆ ತಿರುಗಿ, "ಚಿಗವ್ವಾ, ನೀನೂ ಬಾ."

ಮಾರಲ್ ಸೈನ್ಸಿನಲ್ಲಿ ಈ ವರ್ಷ ಅವಳೇ ಫಸ್ಟ್.

ನೀಲಾ ಒಳಗೆ ಹೋದಳು. ಜಗಳಕ್ಕೆ ಬರುತ್ತಾಳೆ ಎಂದು ಕಾದೆ. ಟ್ರಂಕು ಇಳಿಸುವ ಸಪ್ಪಳ ಕೇಳಿಸಿತು. ಬಟ್ಟೆ ಮಡಚಿಡುತ್ತಿದ್ದಳು, ಸಣ್ಣವು ಮೊದಲು.

ಜೂನ್ 2, 2024, ಭಾನುವಾರ, ಮಧ್ಯಾಹ್ನ 12

ಹನ್ನೊಂದಕ್ಕೆ ಟೆಂಪೊ ಹೋಯಿತು. ಶಾರಿ ಮುಂದೆ, ವೈನಿಯ ತೊಡೆಯ ಮೇಲೆ. ನಮಗಿಬ್ಬರಿಗೂ ಥ್ಯಾಂಕ್ಯೂ ಹೇಳಿ ಹೋದಳು.

ಯಾರಿಗೆ ಏನು ಸಿಕ್ಕಿತು, ಬರೆದುಬಿಡುತ್ತೇನೆ.

ಅಣ್ಣ: ಮಗಳು. ಬೇಡಿರಲಿಲ್ಲ.

ವೈನಿ: ಮಗಳು. ಬಯಸಿದ್ದಳು, ಯಾರಿಗೂ ಹೇಳಿರಲಿಲ್ಲ.

ಮಾಳಪ್ಪ: ಹತ್ತು ತಿಂಗಳ ಬಾಡಿಗೆ.

ಸಿಸ್ಟರ್: ಹೇಳಿಕೊಟ್ಟದ್ದನ್ನೆಲ್ಲ ಕಲಿತ ಒಬ್ಬಳು ಹುಡುಗಿ.

ಶಾರಿ: ಓದು, ಬರಹ, ಸುಳ್ಳು ಹೇಳದ ಬಾಯಿ.

ನಾನು: ಧಾರವಾಡದಲ್ಲಿ ನೆಂಟರ ಮನೆ.

ನೀಲಾ: