ಗುಡ್ಡದ ಮೇಲಿನ ಹೊಳೆಗಲ್ಲು

ಹಲಗೂರು ಕ್ಯಾಂಪ್, 11 ಜನವರಿ 1943, ಸಂಜೆ

ಇವತ್ತೂ ಅದೇ. ಎಲ್ಲಿ ಸುತ್ತಿಗೆ ಹಾಕಿದರೂ ಪುರಾತನ ಬಂಡೆ. ನಕ್ಷೆಗೆಲ್ಲ ಒಂದೇ ಬಣ್ಣ ಬಳಿದು ಬಳಿದು ಕೈಗೂ ಬೇಸರ. ಅನ್ನ ಸೀದುಹೋಯಿತು. ಸೀದಿದೆ ಎಂದು ಬೈಯಲಾದರೂ ಎದುರಿಗೆ ಒಬ್ಬರು ಬೇಕಲ್ಲ.

14 ಜನವರಿ

ಸಂಕ್ರಾಂತಿ. ಕೆಲಸವಿಲ್ಲ. ಡೇರೆಯಲ್ಲಿ ಕೂರಲಾರದೆ ಗುಡ್ಡ ಹತ್ತಿದೆ. ನೆತ್ತಿಯ ತಗ್ಗಿನಲ್ಲಿ — ಹೊಳೆಗಲ್ಲು! ನುಣುಪಾದ ಗುಂಡುಕಲ್ಲುಗಳು, ಮಣ್ಣಿನೊಳಗೆ ಪದರವಾಗಿ. ಶಿಂಷಾ ಹೊಳೆ ಎಲ್ಲೋ ಕೆಳಗೆ. ಅಂದರೆ ಹಿಂದೊಮ್ಮೆ ಇಷ್ಟು ಎತ್ತರದಲ್ಲಿ ಹರಿದಿರಬೇಕು. ಕೆಳಗೆ ಹಳೇ ಬಂಡೆ, ಮೇಲೆ ಎಳೆಯ ಪದರ, ನಡುವೆ ಗಡಿ. ಆ ಗೆರೆಯೊಳಗೆ ಎಷ್ಟು ಕೋಟಿ ವರ್ಷ ಕಾಣೆಯಾಗಿವೆಯೋ! ಈ ಸೀಮೆಯಲ್ಲಿ ಇಂಥದ್ದನ್ನು ಯಾರೂ ತೋರಿಸಿಲ್ಲ.

ಭೂಗರ್ಭ ಇಲಾಖೆಯ ಚೀಫ್ ಒಪ್ಪಿದರೆ ಬೆಂಗಳೂರು ಆಫೀಸಿಗೆ ವರ್ಗ. ವರ್ಗವಾದರೆ ಮನೆ. ಮನೆಯಾದರೆ ನನ್ನ ಹೆಂಡತಿ ಹೊಂಬಾಳೆ ಬಂದಾಳು. ಹೋದ ಆಷಾಢದಲ್ಲಿ ಮಗು ಜ್ವರ ಬಂದು ತೀರಿಕೊಂಡದ್ದು ಡೇರೆಯಲ್ಲೇ. ಸೋಮನಹಳ್ಳಿಗೆ, ತವರಿಗೆ ಹೊರಟಾಗ ಅವಳು ಹೇಳಿದ್ದು ಇಷ್ಟೇ — "ಇನ್ನ ಡೇರೇಲಿ ಬಾಳಾಕಿಲ್ಲ ಕಣಿ. ಗೋಡೆ ಇರೋ ಮನೆ ಮಾಡಿ, ಬತ್ತೀನಿ." ನನ್ನ ಕಾಗದಗಳಿಗೆ ಉತ್ತರವಿಲ್ಲ. ಮಗುವಿನ ಮಾತನ್ನು ನಾನೂ ಎತ್ತಿಲ್ಲ.

16 ಜನವರಿ

ಆಳು ಮರಿಸಿದ್ದಯ್ಯ ಅಗೆಯಲು ಒಲ್ಲೆ ಅಂದ. "ಅದು ಎಂಗುಸ್ರ ಜಾಗ ಬುದ್ಧಿ. ನಾವ್ ಗಂಡುಸ್ರು ಆ ಕಡೀಕೆ ಓಗಲ್ಲ." ಯಾಕಯ್ಯ ಎಂದರೆ, "ನಂಗೊತ್ತಿಲ್ಲ. ನಮ್ಮಪ್ಪಂಗೂ ಗೊತ್ತಿರ್ನಿಲ್ಲ." ಮೈಗಳ್ಳನಿಗೆ ನೆಪ ನೂರು! ನಾನೇ ಗುದ್ದಲಿ ಹಿಡಿದೆ.

20 ಜನವರಿ

ಅಂಗೈ ಬೊಬ್ಬೆ. ಗುಂಡಿ ಸೊಂಟದಾಳ. ತಳದಲ್ಲಿ ಬಂಡೆ ಸಿಕ್ಕಿತು, ಗಡಿ ಸ್ಪಷ್ಟ. ಮಾದರಿಗೆ ಕಲ್ಲು ಒಡೆದೆ, ಚೀಲ ತುಂಬಿದೆ.

ಒಂದೇ ಮುಜುಗರ — ಕಲ್ಲುಗಳ ನಡುವೆ ಮರಳಿಲ್ಲ. ಗಾತ್ರವೂ ಹೆಚ್ಚುಕಡಿಮೆ ಒಂದೇ. ಹೊಳೆ ಹೀಗೆ ಆರಿಸಿ ಜೋಡಿಸುವುದಿಲ್ಲ. 'ಮರಳು ಮಳೆಗೆ ತೊಳೆದುಹೋಗಿರಬೇಕು' ಎಂದು ರಿಪೋರ್ಟಿಗೆ ಸೇರಿಸಿದೆ. ಇರಬಹುದು... ಇರಲೇಬೇಕು.

2 ಫೆಬ್ರವರಿ

ರಿಪೋರ್ಟು ಓದಿ ಚೀಫ್ ತಾವೇ ನೋಡಲು ಬರುತ್ತಾರಂತೆ, ಹನ್ನೆರಡನೇ ತಾರೀಕು! ಊಟ ಸೇರಲಿಲ್ಲ. ಹೊಂಬಾಳೆಯ ಅಡಿಗೆಮನೆಗೆ ಕಿಟಕಿ ಯಾವ ಕಡೆ ಇರಬೇಕು ಎಂದು ಯೋಚಿಸುತ್ತ ಕೂತಿದ್ದೆ.

6 ಫೆಬ್ರವರಿ, ಮಧ್ಯಾಹ್ನ

ಗುಂಡಿಯಲ್ಲಿದ್ದೆ. ಮೇಲಿಂದ ದನಿ — "ಯಾವನ್ಲಾ ಇದ್ನ ಅಗ್ದೋನು?" ಮುದುಕಿ. ಕೆಳಗಿನ ಹಳ್ಳಿಯ ಪುಟ್ಟಮಾದಮ್ಮ. ಹ್ಯಾಟು ಕಂಡರೂ ಹೆದರಲಿಲ್ಲ. ಕಲ್ಲಿನ ರಾಶಿಯ ಮುಂದೆ ಕೂತು ಒಂದೊಂದನ್ನೇ ತಿರುಗಿಸಿ ನೋಡಿದಳು.

"ನಂದು ಕೆಂಪ್ಗಿತ್ತು, ಬಿಳೀ ಗೆರೆ ಇತ್ತು. ಎಲ್ಲಿ ಸ್ವಾಮಿ ನನ್ ಕಲ್ಲು?"

ಅರ್ಥವಾಗಲಿಲ್ಲ. ಬೈಯುತ್ತಲೇ ಬಿಡಿಸಿ ಹೇಳಿದಳು. "ಆಲು ಕುಡಿಯೋ ಮಗ ತೀರ್ಕಂಡ್ರೆ, ಎತ್ತ ತಾಯಿ ಒಳೇಲಿ ಒಂದ್ ಕಲ್ಲು ಆಯ್ಕತಾಳೆ. ಮಡ್ಲಲ್ಲಿ ಒತ್ಕಂಡು ಬಂದು ಇಲ್ಲಿ ಮನಗುಸ್ತಾಳೆ. ನಮ್ಮವ್ವಂದೂ ಇಲ್ಲೇ ಅದೆ, ಅವ್ರವ್ವಂದೂ ಅದೆ."

ಕೆಂಪು ಕಲ್ಲು ನನ್ನ ಚೀಲದಲ್ಲಿತ್ತು, ಎರಡು ಹೋಳು. ತೆಗೆದುಕೊಟ್ಟೆ. ಸೇರಿಸಿ ನೋಡಿದಳು. "ಕೂಡ್ತದೆ ಬುಡು" ಎಂದು ಸೆರಗಿನ ಅಂಚು ಹರಿದು ಕಟ್ಟಿದಳು. ಅದಕ್ಕೂ ಬೈದಿದ್ದರೇ ಚೆನ್ನಾಗಿತ್ತು.

"ನಿಂಗೆಷ್ಟಪ್ಪ ಮಕ್ಳು?"

"ಒಂದಿತ್ತು" ಅಂದೆ. ಅದನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಅತ್ತುಬಿಟ್ಟೆ. ನಾನೂ ಒಂದು ಕಲ್ಲು ಇಡಲೇ ಎಂದು ಕೇಳಿದೆ.

"ನೀನಾ? ನೀನಿಟ್ರೆ ಬರೀ ಕಲ್ಲು ಕಣಪ್ಪ. ಎತ್ತೋಳ್ನ ಕರ್ಕಬಾ."

7 ಫೆಬ್ರವರಿ

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನನ್ನ ಕಣ್ಣಿಗೆ ಬೆಂಗಳೂರಿನ ಕಾಮಾಲೆ. ಬಾಯಿ ಮುಚ್ಚಿಕೊಂಡಿದ್ದರೆ ಏನು? ಚೀಫ್ ತಲೆಯಾಡಿಸಬಹುದು. ಗೆರೆ ನಕ್ಷೆಗೇರುತ್ತದೆ, ನನಗೆ ಗೋಡೆಯ ಮನೆ... ಆಮೇಲೆ ಇಡೀ ನೆತ್ತಿ ಅಗೆಯಲು ಆಳುಗಳನ್ನು ಕಳಿಸುತ್ತಾರೆ.

ಮಳವಳ್ಳಿಗೆ ಹೋಗಿ ತಂತಿ ಕೊಟ್ಟೆ. ಪದರ ಮನುಷ್ಯರು ಮಾಡಿದ್ದು, ತಪ್ಪು ನನ್ನದು, ಬರುವುದು ಬೇಡ.

10 ಫೆಬ್ರವರಿ

ಗುಂಡಿ ಮುಚ್ಚಿದೆ. ಒಡೆದ ಕಲ್ಲುಗಳನ್ನು ಜೊತೆ ಹುಡುಕಿ ಇಟ್ಟೆ. ಕೆಲವಕ್ಕೆ ಜೊತೆ ಸಿಗಲೇ ಇಲ್ಲ. ಆಫೀಸಿನ ಉತ್ತರ: ಕ್ಯಾಂಪ್ ಬೆಳಕವಾಡಿ ಕಡೆಗೆ ಸಾಗಿಸಿ. ಅಂದರೆ ಮತ್ತೆ ಡೇರೆ.

ಹೊಂಬಾಳೆಗೆ ಬರೆದೆ. ಮನೆಯಾಗಲಿಲ್ಲ ಅಂತ ಮೊದಲೇ ಹೇಳಿದೆ. ಗುಡ್ಡದ ವಿಚಾರ, ಮುದುಕಿ ಹೇಳಿದ್ದು, ಎಲ್ಲ. 'ಚಂದ್ರಿ' ಎಂದು ಮಗಳ ಹೆಸರು ಬರೆದೆ. ಅಕ್ಷರ ಸೊಟ್ಟಗಾಯಿತು, ಹಾಗೇ ಕಳಿಸಿದೆ.

23 ಫೆಬ್ರವರಿ, ಹಲಗೂರು ಬಸ್ ಸ್ಟಾಪ್

ಉತ್ತರವಿಲ್ಲ. ಡೇರೆ ಕೀಳಬೇಕು, ಏನೇನೋ ನೆಪ ಹೇಳಿ ಮುಂದೂಡುತ್ತಿದ್ದೇನೆ. ದಿನಾ ಗಡ್ಡ ಬೋಳಿಸಿಕೊಂಡು ಬಸ್ಸಿನ ಹೊತ್ತಿಗೆ ಇಲ್ಲಿ ಹಾಜರು. ಮರಿಸಿದ್ದಯ್ಯ ನಗುತ್ತಾನೆ — ನಗಲಿ. ಸೋಮನಹಳ್ಳಿಯಿಂದ ಬರುವವರು ಮದ್ದೂರಿನಲ್ಲಿ ಇಳಿದು ಬಸ್ಸು ಬದಲಿಸಬೇಕು. ಅಲ್ಲೂ ಹರಿಯುವುದು ಇದೇ ಶಿಂಷಾ.

ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ಬಸ್ಸು ಬಂತು, ಕೆಮ್ಮುತ್ತ. ಕೋಳಿಬುಟ್ಟಿ ಇಳಿಯಿತು. ಬೆಲ್ಲದ ಮೂಟೆ. ಯಾರೋ ಮುದುಕ. ಅಷ್ಟೇ ಅನ್ನಿಸುತ್ತೆ...

ಇಲ್ಲ, ಇನ್ನೊಬ್ಬರು. ಹೆಂಗಸು. ಕಂಬಿ ಹಿಡಿಯದೆ ಇಳಿಯುತ್ತಿದ್ದಾಳೆ, ಎರಡು ಕೈಯಲ್ಲೂ ಭಾರಕ್ಕೆ ಜೋತ ಮಡಿಲು ಒತ್ತಿ ಹಿಡಿದುಕೊಂಡು —