ಎಣ್ಣೆ ಹೊಗೆಗೆ ಹೆದರದ ಕಿಣ್ವ

ಗದಗ ಮೇಲೂರು,
೨೪೭೧, ಫೆಬ್ರವರಿ ೩೦

ಹಿಂದಿನವರೇ,

ತಾರೀಖು ನೋಡಿ ನಗಬೇಡಿ, ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕನ್ನಡ ವಿಚಿತ್ರ ಅನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಇದು ಹಿಂದೋಲೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಪತ್ರ. ಊರಿಗೆ ವರ್ಷಕ್ಕೊಂದೇ ಸಿಗುತ್ತದೆ. ಈ ಸಲ ಜಗಳ ಮಾಡಿ ನಾನೇ ಪಡೆದಿದ್ದೇನೆ.

ನಾನು ದಾಕ್ಷಾಯಣಿ, ಇಲ್ಲಿನ ಕಿಣ್ವಶಾಲೆಯಲ್ಲಿ ಕೆಲಸ. ಮಗಳು ಮುಕ್ತಾಳಿಗೆ ಒಂಬತ್ತು ವರ್ಷ. ಕಾದ ಎಣ್ಣೆಯ ಹೊಗೆಯಲ್ಲಿ ಆಲ್ಡಿಹೈಡ್ ಎಂಬ ಪುಂಡ ವಸ್ತುಗಳಿರುತ್ತವೆ. ಮೈಯೊಳಗೆ ಹೋದರೆ ಸಿಕ್ಕಿದ್ದಕ್ಕೆಲ್ಲ ಅಂಟಿಕೊಂಡು ಕೆಡಿಸುತ್ತವೆ. ನಿಮ್ಮ ಲಿವರಿನಲ್ಲಿ ಅವನ್ನು ಮುರಿದು ಹಾಕುವ ಕಿಣ್ವವಿದೆ, ನಿಮಗೆ ಅದರ ಪರಿವೆಯೇ ಇಲ್ಲ. ನಮ್ಮ ಜನರಲ್ಲಿ ಅದು ಹುಟ್ಟಿನಿಂದಲೇ ದುರ್ಬಲ. ಹಾಗಾಗಿ ನನ್ನ ಮುತ್ತಜ್ಜಿಯ ಕಾಲದಿಂದಲೂ ಊರಲ್ಲಿ ಎಲ್ಲವೂ ಹಬೆಯಲ್ಲೇ ಬೇಯುತ್ತದೆ. ಮುಕ್ತಾಳಿಗಂತೂ ಆ ಕಿಣ್ವ ಇಲ್ಲವೇ ಇಲ್ಲ. ದೀಪದ ಹೊಗೆ ತಾಗಿದರೂ ಮುಖ ಕೆಂಪೇರಿ, ಉಸಿರು ಕಟ್ಟಿ ಬೀಳುತ್ತಿದ್ದಳು. ಗಾಜಿನ ಕೋಣೆಯಲ್ಲೇ ಬೆಳೆದಳು. ಆ ಸಂಕಟ ನನ್ನ ಶತ್ರುವಿಗೂ ಬೇಡ.

ಆಡಿನ ಲಿವರಿನಿಂದ ಕಿಣ್ವವನ್ನು ಬೇರ್ಪಡಿಸಿದೆವು. ಅದು ಯಾವ ಆಲ್ಡಿಹೈಡನ್ನು ಮುರಿಯುತ್ತದೆ, ಎಷ್ಟು ಬೇಗ, ಎಷ್ಟು ಬಿಸಿಯಲ್ಲಿ ಎಂದು ತಿಳಿಯದೆ ಔಷಧ ಮಾಡುವಂತಿಲ್ಲ. ಗಾಜಿನ ನಳಿಕೆಯಲ್ಲಿ ಅದು ಸತ್ತಂತೆ ಕೂತಿತ್ತು. ನಾವೋ, ಹೊಗೆಯನ್ನು ಭೂತದಂತೆ ಕಂಡ ಜನ. ಆ ಭೂತವನ್ನು ಗೆಲ್ಲುವ ತಾಕತ್ತು ಕಿಣ್ವಕ್ಕಿದೆಯೇ ನೋಡಬೇಕೆಂದು ಪ್ರತಿ ಸಲ ಇನ್ನಷ್ಟು ಆಲ್ಡಿಹೈಡ್ ಸುರಿದೆವು. ಕೊನೆಗೆ ಜೊತೆಗೆ ಕೆಲಸ ಮಾಡುವ ಗಿರಿಜವ್ವ ರೇಗಿ, "ಯವ್ವಾ, ಒಮ್ಮೆಲೆ ಬಾಯಾಗ ತುರುಕಿದ್ರ ಯಾರರ ಉಣ್ತಾರೇನು? ತುತ್ತು ತುತ್ತು ಕೊಡವಾ ಅದಕ್ಕ!" ಎಂದಳು. ಹೌದಲ್ಲ! ಹೆಚ್ಚಾದ ಆಲ್ಡಿಹೈಡ್ ಕಿಣ್ವಕ್ಕೇ ಅಂಟಿ ಅದನ್ನು ಕೊಲ್ಲುತ್ತಿತ್ತು. ಹನಿ ಹನಿಯಾಗಿ ಕೊಟ್ಟೆವು. ಅಬ್ಬಾ, ಏನು ಅದರ ಚುರುಕು! ಕೊಟ್ಟದ್ದನ್ನೆಲ್ಲ ನಿರುಪದ್ರವಿ ಆಮ್ಲ ಮಾಡಿ ಬಿಸಾಕಿತು. ಇಬ್ಬರೂ ತಬ್ಬಿಕೊಂಡು ಅತ್ತೆವು.

ಔಷಧವೂ ಆಯಿತು, ಪರೀಕ್ಷೆಗಳೂ ಮುಗಿದವು, ಊರವರೆಲ್ಲ ಅದನ್ನು ತೆಗೆದುಕೊಂಡೂ ಆಯಿತು. ಇವತ್ತು ಮುಕ್ತಾ ಹೊರಗೆ ಬಂದಿದ್ದಾಳೆ! ಅಡುಗೆಮನೆಯಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದಾಳೆ. ಒಲೆಯ ಮೇಲೆ ಎಣ್ಣೆ ಇದೆ, ಅವಳ ಉಸಿರು ಸರಾಗವಾಗಿದೆ. "ಯವ್ವಾ, ಏನರ ಮಾಡಿಕೊಡಬೇ" ಎಂದು ಒಂದೇ ಹಠ. ಊರಿಗೆ ಊರೇ ಬಾಣಲೆಯ ಸುತ್ತ ನಿಂತಿದೆ, ಮುಂದೇನು ಮಾಡಬೇಕೆಂದು ಒಬ್ಬರಿಗೂ ಗೊತ್ತಿಲ್ಲ! ಸಾಸಿವೆ ಮೊದಲೋ, ಕರಿಬೇವು ಮೊದಲೋ? ಮಿರ್ಚಿ ಭಜಿಯನ್ನು ಯಾವಾಗ ತಿರುವಿ ಹಾಕಬೇಕು? ದಯವಿಟ್ಟು ನಿಮ್ಮೂರಿನ ಯಾವುದಾದರೂ ಕಲ್ಲಿನ ಮೇಲೆ ಕೆತ್ತಿಸಿಡಿ. ಕಲ್ಲು ನಮ್ಮ ಕಾಲದವರೆಗೂ ಉಳಿಯುತ್ತದಲ್ಲ, ನೀವು ಕೆತ್ತಿಸಿದ್ದು ನಮಗೆ ಈಗಲೇ ಸಿಗುತ್ತದೆ. ಬೇಗ ಹೇಳಿ, ನನ್ನಪ್ಪಗಳಿರಾ, ಎಣ್ಣೆ ಕಾದಿದೆ.