ರಿಪೇರಿಗೆ ಹೋದ ಸರ

ನ್ಯಾಮತಿ,
೧೮ ನವೆಂಬರ್ ೨೦೨೫, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಭಾವನವರ ಸೊಂಟದ ನೋವು ಈಗ ಹೇಗಿದೆ? ಪುಟ್ಟಿ ಗೋಡೆ ಹಿಡಿದುಕೊಂಡು ಹೆಜ್ಜೆ ಇಡುತ್ತಾಳಂತೆ, ಯಾರಾದರೂ ಬೆರಳು ಕೊಟ್ಟರೆ ನಗುನಗುತ್ತಾ ಕಚ್ಚುತ್ತಾಳಂತೆ. ಅವ್ವ ನಿನ್ನ ಜೊತೆ ಫೋನಿನಲ್ಲಿ ಮಾತಾಡಿದ ದಿನ ಅದನ್ನೆಲ್ಲ ನನಗೆ ಕೇಳಿಸುವ ಹಾಗೆ ಒಬ್ಬಳೇ ಹೇಳಿಕೊಳ್ಳುತ್ತಾಳೆ. ನಾನು ಕೇಳಿಸದವನ ಹಾಗೆ ಕೂತಿರುತ್ತೇನೆ. ಚಳಿ ಬಿದ್ದರೆ ನಿನಗೆ ಕೆಮ್ಮು ಹಿಡಿಯುತ್ತದೆ, ಬೆಳಗ್ಗೆ ತಣ್ಣೀರಿನಲ್ಲಿ ಪಾತ್ರೆ ತೊಳೆಯಬೇಡ. ಅವ್ವ ಆರಾಮಾಗಿದ್ದಾಳೆ. ಕಾರ್ತಿಕದ ಮದುವೆಗಳೆಂದು ಬ್ಲೌಸುಗಳ ರಾಶಿ ಬಿದ್ದಿದೆ. ಹೊಲಿಗೆ ಮಿಷನ್ನಿನ ಮುಂದೆ ಕೂತರೆ ಮಂಡಿ ನೋವು ಮರೆತೇ ಹೋಗುತ್ತದೆ ಅನ್ನುತ್ತಾಳೆ. ಏಳುವಾಗ ಮಾತ್ರ ಗೋಡೆ ಬೇಕು.

ನೀನು ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ, ಅದು ಸರಿಯೇ. ಅವ್ವನ ಫೋನಿನಿಂದ ಮಾಡಬಹುದಿತ್ತು. ಎಷ್ಟೋ ಸಲ ಕೈಗೆ ತೆಗೆದುಕೊಂಡು ಮತ್ತೆ ಇಟ್ಟಿದ್ದೇನೆ. ನಿನ್ನ ಧ್ವನಿ ಕೇಳಿದ ಕೂಡಲೇ ನಾನು ಏನಾದರೂ ತಮಾಷೆ ಮಾಡಿ ಜಾರಿಕೊಳ್ಳುತ್ತೇನೆ ಅಂತ ಭಯ. ಚಿಕ್ಕಂದಿನಿಂದಲೂ ಹಾಗೇ ಅಲ್ಲವೇ, ನಿನ್ನನ್ನು ನಗಿಸಿಬಿಟ್ಟರೆ ನನ್ನ ತಪ್ಪು ಮುಗಿದಂತೆ. ಕಾಗದದಲ್ಲಿ ನೀನು ನಗುವುದು ನನಗೆ ಕಾಣುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೊನ್ನಾಳಿಯ ಅಂಗಡಿಯಲ್ಲಿ ನಾನು ಏನು ಕೆಲಸ ಮಾಡುತ್ತೇನೆಂದು ನಿನಗೆ ಯಾವತ್ತೂ ಸರಿಯಾಗಿ ಹೇಳಿಲ್ಲ. 'ಮ್ಯಾನೇಜರ್ ಇದ್ದ ಹಾಗೆ' ಎಂದಿದ್ದೆ. ಮೊಬೈಲು, ಟಿವಿ, ಫ್ರಿಜ್ಜು ಮಾರುವ ಆ ಅಂಗಡಿಯ ಮೂಲೆಯಲ್ಲಿ ನನ್ನದೊಂದು ಮೇಜು, ಅಷ್ಟೇ. ಕೈಯಲ್ಲಿ ದುಡ್ಡಿಲ್ಲದವರನ್ನು ಕೂರಿಸಿಕೊಂಡು ಕಂತಿನ ಮೇಲೆ ಸಾಮಾನು ಕೊಡಿಸುವುದು ನನ್ನ ಕೆಲಸ. "ಈಗ ಏನೂ ಕೊಡಾಕೆ ಹೋಗ್ಬ್ಯಾಡ್ರಿ, ಆಧಾರ್ ಕಾರ್ಡ್ ಐತಲ್ಲ, ಸಾಕು" ಎಂದು ದಿನವಿಡೀ ಹೇಳುತ್ತಿದ್ದೆ. ಹೇಳಿ ಹೇಳಿ ಕೊನೆಗೆ ನಾನೇ ನಂಬಿಬಿಟ್ಟೆ. ಮೊದಲು ಫೋನು ಬಂತು. ಆಮೇಲೆ ಬೈಕು. ಆಮೇಲೆ ಆ ಫೋನಿಗೂ ಬೈಕಿಗೂ ಒಪ್ಪುವ ಶೂ, ವಾಚು, ಜಾಕೆಟ್ಟು. ಒಂದೊಂದರ ಕಂತೂ ಚಿಕ್ಕದೇ. ಎಲ್ಲ ಸೇರಿದರೆ ಸಂಬಳವನ್ನೂ ಮೀರುತ್ತದೆ ಎಂದು ಕೂಡಿ ನೋಡುವ ಗೋಜಿಗೆ ನಾನು ಹೋಗಲಿಲ್ಲ. ನಿಜ ಹೇಳಬೇಕೆಂದರೆ ಸಾಮಾನಿನ ಆಸೆಗಿಂತ ಇನ್ನೊಂದು ಆಸೆ ಹೆಚ್ಚಿತ್ತು. ಡಾಬಾದಲ್ಲಿ ಹುಡುಗರೆಲ್ಲ ಕೂತಾಗ ಬಿಲ್ಲು ಬಂದ ಕೂಡಲೇ ಯಾರಾದರೊಬ್ಬರು "ವಿನಯ ಅದಾನಲ್ಲ ಬಿಡ್ರೋ" ಅನ್ನುತ್ತಿದ್ದರು. ಆ ಮಾತು ಕೇಳುವುದಕ್ಕೆ ನಾನು ಎಷ್ಟು ಖರ್ಚು ಮಾಡಿದೆನೋ ನನಗೇ ಗೊತ್ತಿಲ್ಲ.

ಕಂತು ಕಟ್ಟಲು ಆ್ಯಪಿನಲ್ಲಿ ಸಾಲ ತೆಗೆದೆ. ಆ ಸಾಲ ತೀರಿಸಲು ಇನ್ನೊಂದು ಆ್ಯಪು. ಇನ್ನೊಂದು ವಿಷಯ ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಬಾಣಂತನ ಮುಗಿಸಿ ನಿನ್ನನ್ನು ಜಗಳೂರಿಗೆ ಕಳಿಸಿಕೊಡುವಾಗ ಪುಟ್ಟಿಗೆ ಬೆಳ್ಳಿ ಉಡಿದಾರ, ಕಾಲ್ಗಡಗ, ಅವಳಿಗಿಂತ ದೊಡ್ಡದೊಂದು ಬೊಂಬೆ ತಂದಿದ್ದೆನಲ್ಲ. ನಿನ್ನ ಮಾವ ಮರುಳಪ್ಪನವರು ಬಂದ ನೆಂಟರ ಮುಂದೆ "ಸೋದರಮಾವ ಅಂದ್ರೆ ಹಿಂಗಿರ್ಬೇಕು ನೋಡ್ರಿ" ಎಂದು ನನ್ನ ಬೆನ್ನು ತಟ್ಟಿದರು. ನೀನು ಒಳಗಿನಿಂದ ನೋಡಿ ಹೆಮ್ಮೆಪಟ್ಟೆ. ಅದೆಲ್ಲವೂ ಆ್ಯಪಿನ ದುಡ್ಡೇ ಅಕ್ಕಾ. ಅಪ್ಪ ಇಲ್ಲದ ಮನೆಯಿಂದ ಮಗಳು ಬರಿಗೈಯಲ್ಲಿ ಹೋದಳು ಅನ್ನಿಸಿಕೊಳ್ಳಬಾರದೆಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ.

ಯುಗಾದಿ ಕಳೆದ ಮೇಲೆ ಏನಾಯಿತೆಂದು ನಿನಗೆ ಗೊತ್ತು. ಕಂತು ತಪ್ಪಿದ ಕೂಡಲೇ ಆ್ಯಪಿನವರು ನನ್ನ ಫೋಟೊದ ಕೆಳಗೆ 'ಕಳ್ಳ' ಎಂದು ಬರೆದು ನನ್ನ ಫೋನಿನಲ್ಲಿದ್ದ ಎಲ್ಲರಿಗೂ ಕಳಿಸಿದರು. ಅಂಗಡಿಯ ಒಡತಿ ವನಜಾಕ್ಷಿ ಮೇಡಂಗೆ ಬಂತು, ಅವ್ವನ ಬ್ಲೌಸಿನ ಗಿರಾಕಿಗಳಿಗೆ ಬಂತು, ಮರುಳಪ್ಪ ಮಾವನವರಿಗೂ ಬಂತು. ಅವತ್ತು ನೀನು ಫೋನ್ ಮಾಡಿ ಹೇಳಿದ್ದು ಈಗಲೂ ಕಿವಿಯಲ್ಲಿದೆ. "ಮಾವಾರ ಫೋನಿಗೂ ನಿನ್ನ ಫೋಟೊ ಬಂದೈತೆ ವಿನೂ. 'ನಿನ್ನ ತಮ್ಮನ ಸಾವಾಸ ನಮ್ಮನೆ ಬಾಗಿಲಿಗೆ ಬರಬಾರ್ದು' ಅಂದ್ರು. ಈ ಮನ್ಯಾಗೆ ನಾನು ಹೆಂಗ್ ತಲೆ ಎತ್ತಿ ಓಡಾಡ್ಲಿ ಹೇಳು. ಇನ್ ಮೇಲೆ ನಂಗೆ ಫೋನ್ ಮಾಡ್ಬ್ಯಾಡ." ಕೋಪದಲ್ಲಿ ಅಂದಿದ್ದಾಳೆ, ಎರಡು ದಿನಕ್ಕೆ ಸರಿಹೋಗುತ್ತಾಳೆ ಎಂದುಕೊಂಡೆ.

ಆಮೇಲೆ ಒಂದು ವಾರಕ್ಕೆ ಆ್ಯಪಿನವರ ವಸೂಲಿ ಫೋನುಗಳು ನಿಂತುಹೋದವು. ಬೈಗುಳವಿಲ್ಲ, ಮೆಸೇಜಿಲ್ಲ. ಪೊಲೀಸ್ ಠಾಣೆಗೆ ಹೋಗಿ ಒಂದು ದೂರು ಕೊಟ್ಟು ಬಂದಿದ್ದೆ, ಅದಕ್ಕೆ ಹೆದರಿ ಓಡಿಹೋದರು ಎಂದು ಹುಡುಗರ ಮುಂದೆ ಕೊಚ್ಚಿಕೊಂಡೆ. ಆ ಖುಷಿಗೆ ನಾನು ಏನು ಮಾಡಿದೆ ಗೊತ್ತೇ? ಎಲ್ಲರನ್ನೂ ಕರೆದುಕೊಂಡು ಡಾಬಾಕ್ಕೆ ಹೋಗಿ ಊಟ ಹಾಕಿಸಿದೆ. ಎದೆ ಉಬ್ಬಿಸಿ ನಾನೇ ಬಿಲ್ಲು ಕೊಟ್ಟೆ. ನನ್ನ ಸಾಲ ತೀರಿಸಲು ನೀನು ಬ್ಯಾಂಕಿನ ಮೇಜಿನ ಮೇಲೆ ಕೊರಳಿನ ಸರ ಬಿಚ್ಚಿ ಅಡವಿಟ್ಟದ್ದು ಅದೇ ವಾರ.

ಹೌದು ಅಕ್ಕಾ, ನನಗೆ ಗೊತ್ತಾಗಿದೆ. ಅವ್ವನಿಗೂ ಗೊತ್ತು. ಹೇಗೆಂದು ಹೇಳುತ್ತೇನೆ, ಗಾಬರಿಯಾಗಬೇಡ.

ಮೇ ತಿಂಗಳಲ್ಲಿ ತ್ಯಾವಣಿಗೆಯ ಮದುವೆಗೆ ಅವ್ವ ಹೋಗಿದ್ದಳಲ್ಲ, ಅಲ್ಲಿಗೆ ಮಾವನವರೂ ಬಂದಿದ್ದರು. ಊಟ ಮುಗಿಸಿ ಹೆಂಗಸರೆಲ್ಲ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದಾಗ ಮಾವನವರು ಹತ್ತಿರ ಬಂದು, "ಏನ್ರಿ ಬೀಗ್ತೆರೇ, ನಮ್ಮ ಸೊಸೆ ಸರ ಇನ್ನೂ ಅಕ್ಕಸಾಲಿ ಹತ್ರಾನೇ ಐತೇನ್ರಿ?" ಎಂದು ಕೇಳಿದರಂತೆ. ಅವ್ವನಿಗೆ ತಲೆಬುಡ ಗೊತ್ತಿಲ್ಲ. ಆದರೂ ಕಣ್ಣು ಮಿಟುಕಿಸದೆ, "ಹೂಂ ರೀ, ಕೊಂಡಿ ಸವೆದಿತ್ತು, ಹೊಸದು ಮಾಡಾಕೆ ಕೊಟ್ಟೀನಿ, ಅವನು ಇವತ್ತು ನಾಳೆ ಅಂತಾನೆ" ಎಂದಳಂತೆ. ಸರವನ್ನು ತವರಿನಲ್ಲಿ ರಿಪೇರಿಗೆ ಕೊಟ್ಟಿದ್ದೇನೆ ಎಂದು ನೀನು ಗಂಡನ ಮನೆಯಲ್ಲಿ ಹೇಳಿದ್ದೀಯ ಎಂಬುದು ಅವಳಿಗೆ ಆ ಕ್ಷಣದಲ್ಲೇ ಹೊಳೆದಿತ್ತು.

ಅವತ್ತು ನಾನು ಊರಿಗೆ ಬಂದಿದ್ದೆ. ಅವ್ವ ಬಂದವಳೇ ಸೀರೆ ಕೂಡ ಬದಲಿಸದೆ ನನ್ನ ಎದುರು ಕೂತಳು. "ನಿಮ್ಮಕ್ಕ ಮೇಘನ ಸರ ಎಲ್ಲೈತಪ್ಪಾ?" ಎಂದಳು. ನನಗೇನು ಗೊತ್ತು ಎಂದೆ. "ಬ್ಯಾಂಕಿನಾಗೆ ಗ್ರಾಮಿಗೆ ಎಷ್ಟು ಕೊಡ್ತಾರವ್ವಾ ಅಂತ ಅವ್ಳು ಫೋನಿನಾಗೆ ಕೇಳಿದ್ಲು. ಪಕ್ಕದ ಮನೆಯೋರಿಗೆ ಅಂದ್ಲು. ನಿಂಗೆ ಸಾಲದೋರ ಫೋನು ಬರೋದು ನಿಂತಿದ್ದು ಯಾವಾಗ?" ಆಗ ನನಗೂ ಲೆಕ್ಕ ಕೂಡಿತು. ಅವ್ವ ಬೈಯಲೂ ಇಲ್ಲ, ಅಳಲೂ ಇಲ್ಲ. "ನಿಮ್ಮಪ್ಪ ಮಾಡಿಸಿದ ಸರ ಅದು. ಇವತ್ತು ಅಷ್ಟು ಜನದ ಮುಂದೆ ನಾನು ಸುಳ್ಳು ಹೇಳಿ ಬಂದೆ ಕಣೋ" ಎಂದು ಎದ್ದು ಹೋಗಿ ಮಿಷನ್ ತುಳಿಯುತ್ತಾ ಕೂತಳು. ಅಕ್ಕಾ, ಫೋಟೊ ಬಂದ ದಿನ ನನಗೆ ಅವಮಾನವಾಗಿತ್ತು, ಕೋಪವೂ ಬಂದಿತ್ತು. ನಾಚಿಕೆ ಅಂದರೇನೆಂದು ತಿಳಿದದ್ದು ಆ ಮಿಷನ್ನಿನ ಸದ್ದಿನಲ್ಲಿ. ನನಗಾಗಿ ನೀನೊಂದು ಸುಳ್ಳು ಹೇಳಿ, ಅದನ್ನು ಕಾಯಲು ಅವ್ವ ಇನ್ನೊಂದು ಹೇಳಿ, ನಾನು ಮಾತ್ರ ಹೊಸ ಶೂ ಹಾಕಿಕೊಂಡು ಕೂತಿದ್ದೆ.

ನಿನಗೆ ಫೋನ್ ಮಾಡಿ ಕೇಳೋಣ ಅಂದರೆ ಅವ್ವ ಬಿಡಲಿಲ್ಲ. "ನಾನು ಕೇಳಿದ್ರೆ ಪಾಪ ಅವ್ಳು ನಂಗೂ ಒಂದು ಸುಳ್ಳು ಹೇಳ್ಬೇಕಾಗ್ತೈತೆ. ಮೊದ್ಲು ನೀನು ದುಡ್ಡು ಕೂಡಿಸು" ಎಂದಳು.

ಬೈಕು ಮಾರಿದೆ. ಬಂದ ದುಡ್ಡು ಬೈಕಿನ ಸಾಲಕ್ಕೇ ಸಾಲಲಿಲ್ಲ, ಉಳಿದದ್ದನ್ನು ಸಂಬಳದಲ್ಲಿ ಕಟ್ಟಿದೆ. ಹೊನ್ನಾಳಿಯ ರೂಮು ಬಿಟ್ಟು ಅವ್ವನ ಹತ್ತಿರ ಬಂದೆ. ಈಗ ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಫೋನು ಬಟನ್ನಿನದು. ಸಂಬಳ ಬಂದ ದಿನವೇ ಅವ್ವನ ಕೈಗೆ ಕೊಟ್ಟು ಬಸ್ಸಿನ ಖರ್ಚು ಈಸಿಕೊಳ್ಳುತ್ತೇನೆ, ಶಾಲೆಗೆ ಹೋಗುವ ಹುಡುಗನ ಹಾಗೆ. ಎಲ್ಲ ಬಿಟ್ಟು ಸನ್ಯಾಸಿಯಾದೆ ಎಂದುಕೊಳ್ಳಬೇಡ. ದಸರಾ ಆಫರಿನಲ್ಲಿ ನಮ್ಮ ಅಂಗಡಿಗೇ ಬಂದ ಕಿವಿಗೆ ಹಾಕುವ ಬಡ್ಸನ್ನು ನನ್ನ ಹೆಸರಿಗೇ ಕಂತು ಬರೆದುಕೊಂಡು ಬ್ಯಾಗಿನಲ್ಲಿಟ್ಟುಕೊಂಡೆ. ನನ್ನ ಬಟನ್ ಫೋನಿಗೆ ಅದು ಸರಿಯಾಗಿ ಕೂಡುವುದೂ ಇಲ್ಲ ನೋಡು! ಬಸ್ ನಿಲ್ದಾಣದವರೆಗೆ ಹೋದವನು ವಾಪಸ್ ಬಂದು ಮೇಜಿನ ಮೇಲಿಟ್ಟೆ. ವನಜಾಕ್ಷಿ ಮೇಡಂ ಮುಖ ನೋಡಿದರು. ಕಂತು ರದ್ದು ಮಾಡಿದರು. ಅಂಥ ದಿನಗಳು ಇನ್ನೂ ಬರುತ್ತವೆ, ಸುಳ್ಳು ಹೇಳುವುದಿಲ್ಲ.

ಮೇಜಿನ ಕೆಲಸವೂ ಮೊದಲಿನ ಹಾಗೆ ಆಗುತ್ತಿಲ್ಲ. ಸಾಸ್ವೆಹಳ್ಳಿಯಿಂದ ಗಾದ್ರಮ್ಮ ಎಂಬ ಅಜ್ಜಿ ಮೊಮ್ಮಗಳ ಜೊತೆ ಬಂದಿದ್ದಳು. ಹುಡುಗಿಯ ಕಣ್ಣು ದೊಡ್ಡ ಫೋನಿನ ಮೇಲೆ. "ಕಂತು ತಪ್ಪಿದ್ರೆ ಏನ್ ಮಾಡ್ತಾರಪ್ಪಾ?" ಎಂದು ಅಜ್ಜಿ ಕೇಳಿದಳು. ಆ ಪ್ರಶ್ನೆಗೆ ನಗುತ್ತಾ ಹೇಳುವ ಉತ್ತರವೊಂದು ನನಗೆ ಬಾಯಿಪಾಠವಾಗಿದೆ. ಅವತ್ತು ಅದು ಬರಲಿಲ್ಲ. "ಮನೇಗೆ ಫೋನ್ ಮಾಡ್ತಾರಜ್ಜಿ. ನಿಮ್ಮ ನೆಂಟರ ಮನೇಗೂ ಮಾಡ್ತಾರೆ" ಎಂದೆ. ಕೈಯಲ್ಲಿದ್ದ ದುಡ್ಡಿಗೆ ಸಿಗುವ ಚಿಕ್ಕ ಫೋನನ್ನು ತೆಗೆದುಕೊಂಡು ಹೋದರು. ಹುಡುಗಿ ಮುಖ ಊದಿಸಿಕೊಂಡೇ ಹೋದಳು. "ಹಿಂಗಾದ್ರೆ ಅಂಗಡಿ ನಡ್ಸಾಕೆ ಆಗಲ್ಲ ವಿನಯ್" ಎಂದರು ಮೇಡಂ. ಅವರು ಹೇಳಿದ್ದೂ ನಿಜವೇ. ಬೇರೆ ಕೆಲಸ ಹುಡುಕುತ್ತಿದ್ದೇನೆ.

ರಜಾದಿನಗಳಲ್ಲಿ ಅಡುಗೆ ಕಂಟ್ರಾಕ್ಟರ್ ದುರುಗಪ್ಪನ ಜೊತೆ ಮದುವೆಗಳಲ್ಲಿ ಬಡಿಸಲು ಹೋಗುತ್ತೇನೆ. ಮೊದಲನೆಯ ಸಲ ಚನ್ನಗಿರಿಯ ಮಂಟಪದಲ್ಲಿ ಸಾಂಬಾರ್ ಬಕೆಟ್ ಹಿಡಿದು ಹೊರಟರೆ ಸಾಲಿನಲ್ಲಿ ನನ್ನ ಡಾಬಾದ ಹುಡುಗರೇ ಕೂತಿದ್ದರು. ಓಡಿಹೋಗೋಣ ಅನ್ನಿಸಿತು. ಒಬ್ಬ ತಲೆ ತಗ್ಗಿಸಿ ಎಲೆಗೆ ಕೈ ಅಡ್ಡ ಹಿಡಿದು ಬೇಡ ಎಂದ. ಇನ್ನೊಬ್ಬ "ಏನ್ಲೇ ವಿನಯ, ಇಲ್ಲೂ ನೀನೇ ಊಟ ಹಾಕ್ತೀಯಲ್ಲೋ" ಎಂದು ನಕ್ಕ. ಸಾಲು ಪೂರ್ತಿ ಬಡಿಸಿದೆ. ಅವನ ಅಂಗಿಗೆ ಸ್ವಲ್ಪ ಚೆಲ್ಲಿದೆ, ಬೇಕೆಂದೇನೂ ಅಲ್ಲ.

ಪಂಚಮಿಗೆ ನಿನ್ನನ್ನು ತವರಿಗೆ ಕರೆಯಲು ತಮ್ಮ ಬರಲಿಲ್ಲ. ಪುಟ್ಟಿಯ ಮೊದಲ ಹುಟ್ಟುಹಬ್ಬಕ್ಕೂ ನಾನು ಬರಲಿಲ್ಲ. ಓರಗಿತ್ತಿಯರು ಕೇಳಿರುತ್ತಾರೆ, ನೀನು ಅದಕ್ಕೂ ಏನೋ ಒಂದು ಕಾರಣ ಹುಟ್ಟಿಸಿರುತ್ತೀಯ. ಇನ್ನು ಸಾಕು ಅಕ್ಕಾ. ಸರ ಬಿಡಿಸಲು ಬೇಕಾದದ್ದು ಅವ್ವನ ಹತ್ತಿರ ಬಹುಪಾಲು ಸೇರಿದೆ. ಈ ತಿಂಗಳ ಸಂಬಳ ಬಂದರೆ ಮುಗಿಯಿತು. ಅಡವಿಟ್ಟವಳು ನೀನಾದ್ದರಿಂದ ಬ್ಯಾಂಕಿಗೆ ನೀನೇ ಬರಬೇಕಂತೆ. ಮುಂದಿನ ತಿಂಗಳ ಮೊದಲ ವಾರ ಅವ್ವನನ್ನು ಕರೆದುಕೊಂಡು ಜಗಳೂರಿಗೆ ಬರುತ್ತೇನೆ. ಬಾಗಿಲೊಳಗೆ ಕರೆಯಬೇಕೆಂದೇನಿಲ್ಲ. ಬ್ಯಾಂಕಿನ ಹತ್ತಿರ ಬಾ, ಸಾಕು. ಕ್ಷಮಿಸು ಎಂದು ಬರೆದರೆ ಸುಲಭವಾಗಿ ಮುಗಿಸಿದ ಹಾಗಾಗುತ್ತದೆ, ಅದನ್ನು ನಿನ್ನ ಮುಖ ನೋಡಿಕೊಂಡೇ ಕೇಳುತ್ತೇನೆ.

ಭಾವನವರಿಗೂ ಅತ್ತೆಯವರಿಗೂ ನನ್ನ ನಮಸ್ಕಾರ ತಿಳಿಸು, ಈಗ ಆಗದಿದ್ದರೆ ಆಮೇಲಾದರೂ. ಪುಟ್ಟಿಯ ಎರಡೂ ಕೆನ್ನೆಗೆ ನನ್ನ ಮುತ್ತು. ಅವ್ವ ನಿಮಗೆಲ್ಲ ಆಶೀರ್ವಾದ ಹೇಳಿದ್ದಾಳೆ. ನಿನ್ನ ಹಸಿರು ಬ್ಲೌಸಿನ ತೋಳು ಬಿಗಿಯಾಯಿತೇ ಎಂದು ಕೇಳು ಅಂತಲೂ ಹೇಳಿದಳು.

ನಿನ್ನ ತಮ್ಮ,
ವಿನಯ

ತಾ.ಕ.: ಲಕೋಟೆ ಅಂಟಿಸಲು ಹೋದವನು ನಿಂತೆ. ಅಂಚೆಯವರು ಈ ಕಾಗದವನ್ನು ಜಗಲಿಯ ಮೇಲೆ ಕೂತ ಮಾವನವರ ಕೈಗೇ ಕೊಡಬಹುದು. ಕೊಟ್ಟರೂ ಹೆದರಬೇಡ. ಅವರಿಗೆ ಎಲ್ಲ ಗೊತ್ತು. ಹೇಳಿದವನು ನಾನೇ, ಇದನ್ನೇ ಮೊದಲು ಬರೆಯಬೇಕಿತ್ತು, ಧೈರ್ಯ ಬರಲಿಲ್ಲ. ಮೊನ್ನೆ ಭಾನುವಾರ ಕೆರೆಬಿಳಚಿಯ ಮದುವೆಯಲ್ಲಿ ಅನ್ನ ಬಡಿಸುತ್ತಾ ಹೋದರೆ ಸಾಲಿನ ಕೊನೆಯಲ್ಲಿ ಮಾವನವರು. ನನ್ನ ಮುಖ ನೋಡಿದರು, ತಲೆಗೆ ಕಟ್ಟಿದ ಟವೆಲ್ ನೋಡಿದರು, ಹಾಕಿದ ಅನ್ನ ಪೂರ್ತಿ ಉಂಡರು. ಕೈ ತೊಳೆದು ಬಂದು "ಬಾ ಇಲ್ಲಿ" ಎಂದರು. ಪಾತ್ರೆ ತೊಳೆಯುವ ಜಾಗದಲ್ಲಿ ನಿಂತು ನಾನು ಸರದ ವಿಷಯ, ಉಡಿದಾರದ ವಿಷಯ, ತ್ಯಾವಣಿಗೆಯಲ್ಲಿ ಅವ್ವ ಹೇಳಿದ್ದು, ಯಾವುದನ್ನೂ ಬಿಡದೆ ಹೇಳಿದೆ. ಬೈಯುತ್ತಾರೆ, ಹೊಡೆದರೂ ಹೊಡೆದಾರು ಎಂದುಕೊಂಡಿದ್ದೆ.  ಅವರು ಒಂದೇ ಮಾತು ಕೇಳಿದರು: "ನಮ್ಮನ್ಯಾಗೆ ಹುಡುಗಿ ನಂಗೆ ಅಷ್ಟು ಹೆದರ್ತಾಳೇನಪ್ಪಾ?" ಆ ದೊಡ್ಡ ಮನುಷ್ಯರ ಧ್ವನಿ ಅಷ್ಟು ಸಣ್ಣಗಾದದ್ದನ್ನು ನಾನು ಎಂದೂ ಕೇಳಿರಲಿಲ್ಲ. "ಅದನ್ನ ಅಕ್ಕನೇ ಹೇಳ್ಬೇಕು ಮಾವಾರೆ" ಎಂದೆ. ಅವರು ಕಾಯುತ್ತಿದ್ದಾರೆ. ನೀನೇ ಹೋಗಿ ಹೇಳು.